ಅರ್ಥ್ ಪಿನ್ ಜೊತೆ ಅರ್ಧ ಗಂಟೆ

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ರೈಲು ಹೊರಡಲು ಇನ್ನೂ ಹೊತ್ತಿತ್ತು. ಸ್ಟೇಷನ್ ಎದುರಿನ ರಿಪೇರಿ ಅಂಗಡಿಯ ಡ್ರಾಯರಿನಲ್ಲಿ, ತುಕ್ಕು ಹಿಡಿದ ಸ್ಕ್ರೂಗಳ ನಡುವೆ ಇವರ ಭೇಟಿಯಾಯಿತು. ಹಿತ್ತಾಳೆ ಮೈ, ದಪ್ಪ ದೇಹ, ಬುಡದಲ್ಲಿ ಕಟಿಂಗ್ ಪ್ಲೇಯರ್ ಕಚ್ಚಿದ ಗುರುತು. ತ್ರೀ ಪಿನ್ ಪ್ಲಗ್ಗಿನ ಮೂರನೆಯವರು. ಸದ್ಯಕ್ಕೆ ನಿರುದ್ಯೋಗಿ.

ನಾವು: ತಾವು ಇಲ್ಲಿಗೆ ಬಂದದ್ದು ಹೇಗೆ?

ಪಿನ್: ಬರಲಿಲ್ಲ ಸ್ವಾಮಿ, ಕತ್ತರಿಸಿ ಬಿಸಾಕಿದರು. ನಾನಿದ್ದದ್ದು ಒಂದು ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿನಲ್ಲಿ. ಮನೆಯಲ್ಲಿದ್ದದ್ದು ಎರಡು ತೂತಿನ ಎಕ್ಸ್‌ಟೆನ್ಷನ್ ಬಾಕ್ಸು. ಬಾಕ್ಸ್ ಬದಲಾಯಿಸೋಕೆ ದುಡ್ಡು ಬೇಕು, ನನ್ನ ತಲೆ ತೆಗೆಯೋಕೆ ಪ್ಲೇಯರ್ ಸಾಕು. ಆಮೇಲೂ ಇಸ್ತ್ರಿ ಕಾಯಿತು. ‘ನೋಡಿದ್ಯಾ, ಏನೂ ಆಗಲಿಲ್ಲ’ ಅಂತ ಯಜಮಾನರು ಹೆಂಡತಿಗೆ ಹೇಳಿದರು. ನನ್ನ ಕೆಲಸವೇ ಏನೂ ಆಗದ ಹಾಗೆ ನೋಡಿಕೊಳ್ಳೋದು. ಏನೂ ಆಗದಿದ್ದರೆ ‘ಇವನು ಯಾಕೆ ದಂಡ’ ಅಂತಾರೆ.

ನಾವು: ಅಕ್ಕಪಕ್ಕದ ಇಬ್ಬರಿಗಿಂತ ಉದ್ದ, ದಪ್ಪ ಇದ್ದೀರಿ. ಸ್ವಲ್ಪ ಗರ್ವವೇ?

ಪಿನ್: ಗರ್ವವಲ್ಲ, ನಿಯಮ. ಉದ್ದ ಯಾಕಂದ್ರೆ ಸಾಕೆಟ್ಟಿಗೆ ಹೋಗುವಾಗ ನಾನು ಮೊದಲು, ಬರುವಾಗ ಕೊನೆ. ಕರೆಂಟು ಒಳಗೆ ಬರೋ ಮುಂಚೆ ನೆಲದ ಸಂಪರ್ಕ ಆಗಿರಬೇಕು. ದಪ್ಪ ಯಾಕಂದ್ರೆ ತಪ್ಪಿಯೂ ಬೇರೆ ತೂತಿಗೆ ಇಳೀಬಾರದು. 1934ರ ಬ್ರಿಟಿಷ್ ಮಾನಕ, ಬಿಎಸ್ 546. ಅದರಲ್ಲಿ 5 ಆಂಪಿಯರ್ ಪ್ಲಗ್ಗಿಗೆ ನಾನು 7.06 ಮಿಲಿಮೀಟರ್, ಉಳಿದವರು 5.08. ನಮ್ಮ ಐಎಸ್ 1293 ಅದೇ ವಂಶದ್ದು.

ನಾವು: ಬ್ರಿಟಿಷರ ಬಳುವಳಿ ಅನ್ನಿ.

ಪಿನ್: 1947ರಲ್ಲಿ ಅವರು ತಮಗೆ ಚಪ್ಪಟೆ ಪಿನ್ನಿನ ಹೊಸ ಪ್ಲಗ್ ಮಾಡಿಕೊಂಡರು. ಕೆಜಿಎಫ್ ಚಿನ್ನ ಅವರಿಗೆ, ದುಂಡು ಪಿನ್ ನಮಗೆ! ಅದೇ ವರ್ಷ ಜನವರಿಯಲ್ಲಿ ನಮ್ಮ ಮಾನಕ ಸಂಸ್ಥೆ ಐಎಸ್‌ಐ ಹುಟ್ಟಿತು. ಸ್ವಾತಂತ್ರ್ಯಕ್ಕಿಂತ ಮುಂಚೆಯೇ ಮಾನಕ ಬಂತು ಸ್ವಾಮಿ, ಪಾಲಿಸೋರು ಮಾತ್ರ ಇನ್ನೂ ದಾರಿಯಲ್ಲಿದ್ದಾರೆ.

ನಾವು: ನಿಮ್ಮ ಊರಿಗೆ ಕರೆಂಟು ಹೊಸದೇನಲ್ಲವಲ್ಲ.

ಪಿನ್: ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಕೆಜಿಎಫ್ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಕೊಟ್ಟಿದ್ದರು. ಅಂಥ ಊರಲ್ಲಿ ಇವತ್ತೂ ಏನು ನಡೆಯುತ್ತೆ ಹೇಳ್ತೀನಿ ಕೇಳಿ. ಪ್ಲಗ್ಗೇ ಇರಲ್ಲ, ಬರೀ ಎರಡು ವೈರು. ಸಾಕೆಟ್ಟಿನ ಕೆಳಗಿನ ತೂತುಗಳಿಗೆ ಒಳಗೊಂದು ಶಟರ್ ಇದೆ, ಮಗು ಮೊಳೆ ತುರುಕದಿರಲಿ ಅಂತ. ಅದು ತೆರೆಯೋದು ನನ್ನ ತೂತಿಗೆ ನಾನು ಇಳಿದಾಗ. ಇವರು ಅಲ್ಲಿಗೆ ಖಾಲಿ ಪೆನ್ನಿನ ರೀಫಿಲ್ ತುರುಕಿ ಶಟರ್ ತೆರೆದು, ವೈರು ಸಿಕ್ಕಿಸಿ, ಅಲ್ಲಾಡದಿರಲಿ ಅಂತ ಬೆಂಕಿಕಡ್ಡಿ ಬೆಣೆ ಹೊಡೀತಾರೆ. ನನ್ನ ಹುದ್ದೆಗೆ ರೀಫಿಲ್ ನೇಮಕ!

ನಾವು: ಪ್ಲಗ್ ಸರಿಯಿದ್ದವರ ಮನೆಯಲ್ಲಾದರೂ ನೆಮ್ಮದಿಯೇ?

ಪಿನ್: ಅಲ್ಲಿ ಇನ್ನೊಂದು ಕತೆ. ಸಾಕೆಟ್ ಬಿಚ್ಚಿದರೆ ನನ್ನ ತೂತಿನ ಹಿಂದೆ ವೈರೇ ಇರಲ್ಲ. ಇದ್ದರೂ ಆ ವೈರು ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿ ಮುಟ್ಟಿರಲ್ಲ. ಗುಂಡಿಗೆ ಉಪ್ಪು, ಇದ್ದಿಲು ತುಂಬಿ ಆಗಾಗ ನೀರು ಹಾಕಬೇಕು, ಮಣ್ಣು ಒಣಗಿದರೆ ಕರೆಂಟು ಇಳಿಯಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದ ಕೋಲಾರ ಜಿಲ್ಲೆಯಲ್ಲಿ ಟ್ಯಾಂಕರ್ ನೀರನ್ನ ಅರ್ಥಿಂಗ್ ಗುಂಡಿಗೆ ಸುರಿಯೋ ಪುಣ್ಯಾತ್ಮ ಯಾರು? ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಚಿನ್ನಕ್ಕೆ 3 ಕಿಲೋಮೀಟರ್ ಮೀರಿ ಇಳಿದರು. ನನಗೆ 3 ಮೀಟರ್ ಅಗೆಯೋಕೆ ಕೂಲಿ ಜಾಸ್ತಿಯಾಯಿತಂತೆ.

(ಇಲ್ಲಿ ಪಿನ್ನಿನವರು ಕೊಂಚ ಬಿಸಿಯಾದರು. ಕರೆಂಟಿಲ್ಲದೆ ಬಿಸಿಯಾಗುವುದನ್ನು ನಾವು ಮೊದಲ ಸಲ ನೋಡಿದೆವು.)

ನಾವು: ಕಂಪ್ಯೂಟರಿನ ತಗಡು ಮುಟ್ಟಿದರೆ ಕೆಲವು ಕಡೆ ಜುಮ್ಮೆನ್ನುತ್ತದೆ. ಅದೂ ನಿಮ್ಮದೇ ಕೆಲಸವೇ?

ಪಿನ್: ನಾನಿಲ್ಲದ್ದರ ಕೆಲಸ. ಕಂಪ್ಯೂಟರಿನ ಪವರ್ ಸಪ್ಲೈ ಒಳಗೇ ಗದ್ದಲ ಹುಟ್ಟುತ್ತೆ. ಅದು ತಂತಿ ಹಿಡಿದು ಹೊರಗೆ ಹೋಗಿ ಅಕ್ಕಪಕ್ಕದವರ ಯಂತ್ರ ಕೆಡಿಸಬಾರದು ಅಂತ ಎರಡು ಪುಟ್ಟ ಕೆಪಾಸಿಟರ್ ಇಟ್ಟು ನನ್ನ ಮೂಲಕ ನೆಲಕ್ಕೆ ಇಳಿಸ್ತಾರೆ. ಇಂಥದ್ದಕ್ಕೆಲ್ಲ ಇಎಂಸಿ, ಅಂದರೆ ವಿದ್ಯುತ್ಕಾಂತೀಯ ಹೊಂದಾಣಿಕೆ ಅಂತಾರೆ. ನನ್ನನ್ನು ಕತ್ತರಿಸಿದರೆ ಆ ತಗಡು 230 ವೋಲ್ಟಿನ ಸರಿಸುಮಾರು ಅರ್ಧಕ್ಕೆ ಬಂದು ನಿಲ್ಲುತ್ತೆ. ಕರೆಂಟು ಅತಿ ಕಡಿಮೆ, ಹಾಗಾಗಿ ಬರೀ ಜುಮ್ಮು. ಜನ ಕಾಲ ಕೆಳಗೆ ರಟ್ಟು ಹಾಕ್ಕೋತಾರೆ, ನನ್ನ ನೆನಪು ಮಾಡ್ಕೊಳಲ್ಲ.

ನಾವು: ಆ ಗದ್ದಲ ಕಣ್ಣಿಗೆ ಕಾಣುವುದಿಲ್ಲವಲ್ಲ?

ಪಿನ್: ಕಿವಿಗೆ ಕೇಳುತ್ತೆ. ರೇಡಿಯೋದಲ್ಲಿ ಬೆಂಗಳೂರು ಆಕಾಶವಾಣಿ, 612 ಕಿಲೋಹರ್ಟ್ಸ್ ಹಾಕಿ, ಪಕ್ಕದಲ್ಲಿ ಫುಟ್‌ಪಾತಿನ ಅಗ್ಗದ ಎಲ್‌ಇಡಿ ಬಲ್ಬು ಹಚ್ಚಿ. ವಾರ್ತೆಗಿಂತ ಬಲ್ಬಿನ ಗೊರಗೊರವೇ ಜಾಸ್ತಿಯಾದರೆ ಅದೇ ಅದು. ಗೌರಿಬಿದನೂರು ಮೊದಲು ನಮ್ಮ ಕೋಲಾರ ಜಿಲ್ಲೆಯದೇ. ಅಲ್ಲಿ ವಿಜ್ಞಾನಿಗಳು ಬಯಲಲ್ಲಿ ಆಂಟೆನಾ ಹರಡಿ ಆಕಾಶದಿಂದ ಬರೋ 34.5 ಮೆಗಾಹರ್ಟ್ಸ್ ಪಿಸುಮಾತು ಕೇಳಿಸಿಕೊಂಡರು. ಅಂಥ ಕಡೆ ನಿಮ್ಮ ಬಲ್ಬು ಬಾಯಿಬಿಟ್ಟರೆ ನಕ್ಷತ್ರಕ್ಕೆ ಯಾರು ಕಿವಿಗೊಡ್ತಾರೆ?

ನಾವು: ನೀರು ಕಾಯಿಸುವ ಹೀಟರ್, ಇಸ್ತ್ರಿಪೆಟ್ಟಿಗೆಗೆ 2003ರ ಆದೇಶದಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆಯಲ್ಲ. ಇನ್ನೇನು ಚಿಂತೆ?

ಪಿನ್: ಅಂಗಡಿಯಲ್ಲಿ ಕೇಳಿ ನೋಡಿ. ‘ಐಎಸ್‌ಐ ಟೈಪ್ ಸಾರ್’ ಅಂತಾರೆ. ಗುರುತು ಅಂದಮೇಲೆ ಅದರ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಲೈಸೆನ್ಸ್ ಸಂಖ್ಯೆ ಇರಬೇಕು. ‘ಟೈಪ್’ಗೆ ಎರಡೂ ಇರಲ್ಲ. ಇನ್ನು ಅಸಲಿ ಮಾಲು. ಲ್ಯಾಬಿನಲ್ಲಿ ಅರ್ಥ್ ದಾರಿಯಲ್ಲಿ ದೊಡ್ಡ ಕರೆಂಟು ಹರಿಸಿ, ತಡೆ 0.1 ಓಮ್ ಮೀರದು ಅಂತ ನೋಡಿಯೇ ಪಾಸು ಮಾಡೋದು. ಪಾಸಾದವನಿಗೆ ಮನೆಯಲ್ಲಿ ಡಬ್ಬ ಬಿಚ್ಚಿದ ದಿನವೇ ಪ್ಲೇಯರ್ ಕಾದಿರುತ್ತೆ.

ನಾವು: ಮೊಬೈಲ್ ಚಾರ್ಜರಿಗೆ ಎರಡೇ ಪಿನ್. ಅದರ ಮೇಲೆ ಸಿಟ್ಟಿದೆಯೇ?

ಪಿನ್: ಛೆ, ಇಲ್ಲ. ಒಳ್ಳೇ ಚಾರ್ಜರ್ ಮೇಲೆ ಚೌಕದೊಳಗೊಂದು ಚೌಕ ಇರುತ್ತೆ, ಅಂದರೆ ಒಳಗೆ ಎರಡು ಪದರ ಕಾಪು. ಅವನಿಗೆ ನಾನು ಬೇಡ. ಮೂರು ಪಿನ್ನಿನ ಜೊತೆ ಹುಟ್ಟಿದ ತಗಡಿನ ಮೈಯವರಿಗೆ ನಾನು ಬೇಕೇ ಬೇಕು. ಇಷ್ಟು ತಿಳಿದರೆ ಸಾಕು.

ರೈಲಿನ ಸೀಟಿ ಕೇಳಿಸಿತು. ಓದುಗರಲ್ಲಿ ಪಿನ್ನಿನ ಪರವಾಗಿ ನಮ್ಮದೊಂದು ವಿನಂತಿ: ಹೀಟರ್ ಕೊಳ್ಳುವ ಮುಂಚೆ ಅದರ ಸಿಎಂ/ಎಲ್ ಸಂಖ್ಯೆಯನ್ನು ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಲೈಸೆನ್ಸ್ ಇರುವ ವೈರಿಂಗ್‌ನವರನ್ನು ಈ ವಾರವೇ ಕರೆಸಿ, ಸಾಕೆಟ್ಟಿನ ಮೇಲಿನ ತೂತಿನ ಹಿಂದೆ ಹಸಿರು ವೈರು ಇದೆಯೇ, ಅದು ಗುಂಡಿಯವರೆಗೆ ಹೋಗಿದೆಯೇ ಎಂದು ಪರೀಕ್ಷೆ ಮಾಡಿಸಿ.