ಮೂರನೇ ಗುಳಿಗಿ

ನಿವೃತ್ತ ಹೆಡ್‌ಮಾಸ್ತರರಿಗೆ ಬಿ.ಪಿ. ಇದೆ, ಶುಗರ್ ಇದೆ. ಎರಡನ್ನೂ ಅವರು ಆದರ್ಶ ಶಿಕ್ಷಕ ಪ್ರಶಸ್ತಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಯಲಬುರ್ಗಾದ ಚಹಾದಂಗಡಿಯಲ್ಲಿ ಕುಳಿತರೆ, "ನಂದು ಫಾಸ್ಟಿಂಗ್ ನೂರಾ ನಲವತ್ತು, ನಿಂದೆಷ್ಟೋ?" ಎಂದು ಪಕ್ಕದವರನ್ನು ಪಂದ್ಯಕ್ಕೆ ಕರೆಯುತ್ತಾರೆ. ಮೂರನೆಯದೊಂದು ಗುಳಿಗಿಯೂ ಇದೆ. ರಾತ್ರಿ ಊಟವಾದ ಅರ್ಧ ತಾಸಿಗೆ ನುಂಗುವ ಟ್ಯಾಮ್ಸುಲೋಸಿನ್. ಅದರ ವಾಸ ಕನ್ನಡಕದ ಡಬ್ಬಿಯಲ್ಲಿ. ಮನೆಯವರಿಗೆ ಬಿಟ್ಟರೆ ಯಾರಿಗೂ ಅದರ ಸುದ್ದಿಯಿಲ್ಲ.

ಇವರು ಒಬ್ಬರೇ ಅಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಎಲ್ಲಿಯ ಲಗ್ನಕ್ಕೆ ಹೋದರೂ ಸಿಗುತ್ತಾರೆ. ಮದುಮಕ್ಕಳನ್ನು ನೋಡುವ ಮೊದಲು ಬಚ್ಚಲು ಎಲ್ಲಿದೆ ಎಂದು ನೋಡಿ, ಸಾಲಿನ ತುದಿಯ ಕುರ್ಚಿ ಹಿಡಿದವರೇ ಇವರು. ಬಸ್ ಪ್ರಯಾಣ ಇದ್ದ ದಿನ ಮುಂಜಾನೆಯ ಚಹಾ ಬಂದ್.

ಆ ಮೂರನೇ ಗುಳಿಗಿ ಪ್ರೋಸ್ಟೇಟಿನದು. ಪ್ರೋಸ್ಟೇಟ್ ಎಂಬುದು ಮೂತ್ರಕೋಶದ ಬುಡದಲ್ಲಿರುವ ಗ್ರಂಥಿ. ವಯಸ್ಸಾದಂತೆ ಬಹುತೇಕ ಗಂಡಸರಲ್ಲಿ ಉಬ್ಬುತ್ತದೆ. ಅದು ಇರುವ ಜಾಗವೇ ತಕರಾರು. ಗಂಟಲ ಹತ್ತಿರ ಇದ್ದಿದ್ದರೆ ಅದರ ಮೇಲೂ ಚಹಾದಂಗಡಿಯಲ್ಲಿ ಪಂದ್ಯ ನಡೆಯುತ್ತಿತ್ತು.

ರಾತ್ರಿ ಏಳಬೇಕಾದೀತೆಂದು ಮಾಸ್ತರರು ಹೊತ್ತು ಮುಳುಗಿದ ಮೇಲೆ ನೀರು ಮುಟ್ಟುವುದಿಲ್ಲ. ಬಾಯಿ ಒಣಗುತ್ತದೆ. ಪದೇಪದೇ ಬರುವ ಮೂತ್ರದ ಅವಸರ ತಡೆಯಲು ಕೆಲವರಿಗೆ ಸಾಲಿಫೆನಾಸಿನ್‌ನಂಥ ಗುಳಿಗಿಯನ್ನೂ ಬರೆದಿರುತ್ತಾರೆ; ಅದು ಉಳಿದಷ್ಟು ಜೊಲ್ಲನ್ನೂ ಆರಿಸುತ್ತದೆ. ಹಲ್ಲಿಗೆ ಅಂಟಿದ ಆಮ್ಲವನ್ನು ತೊಳೆಯುವುದೇ ಜೊಲ್ಲು. ಅದು ಕಡಿಮೆಯಾದಾಗ ಮಾಸ್ತರರು ಪೆಪ್ಪರ್‌ಮಿಂಟ್ ಚೀಪುತ್ತಾರೆ, ಶುಗರ್ ಪಂದ್ಯ ಗೆದ್ದವರಿಗೆ ಅಷ್ಟೂ ಸಲುಗೆ ಬೇಡವೇ! ಹಲ್ಲಿನ ಬುಡ ಕಪ್ಪಾಗುತ್ತದೆ. ಕೇಳಿದರೆ, "ಅದು ನಮ್ಮ ಬೋರಿನ ನೀರಿನ ಬಣ್ಣರೀ" ಎನ್ನುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿ ದಾಟಿರುವುದು, ಹಲ್ಲಿಗೆ ಕಂದು ಗೆರೆ ಬರುವುದು ನಿಜ. ಆದರೆ ಫ್ಲೋರೈಡ್ ಹಲ್ಲಿನಲ್ಲಿ ತೂತು ಕೊರೆದು ಅದರೊಳಗೆ ಅವಲಕ್ಕಿ ತುಂಬುವುದಿಲ್ಲ.

ಕೊನೆಗೆ ಹಲ್ಲಿನ ದವಾಖಾನೆ. ಡಾಕ್ಟರ್ ಇವರ ಕೈಯಲ್ಲೇ ಮಗ್ಗಿ ಕಲಿತ ಹುಡುಗಿ. ಗುಟ್ಟಿಗೆ ಮತ್ತೊಂದು ಬೀಗ ಬಿತ್ತು.

"ಸರ್, ಬ್ಯಾರೆ ಏನರ ಗುಳಿಗಿ ತಗೊಂತೀರೇನ್ರಿ?"

"ಬಿ.ಪಿ., ಶುಗರ್. ಮುಗೀತು."

ಹಲ್ಲು ಬಂತು. ಕುರ್ಚಿ ನೆಟ್ಟಗಾದದ್ದೇ ತಡ, ಮಾಸ್ತರರು ಪ್ರಾರ್ಥನೆಯ ಗಂಟೆ ಕೇಳಿದಂತೆ ಎದ್ದು ನಿಂತರು. ಗೋಡೆಯ ಮೇಲಿನ ದವಡೆಯ ಚಿತ್ರ ಗರಗರ ತಿರುಗಿತು. ಹಾಗೇ ಕುಸಿದು ಕುಳಿತರು.

ಬಾಗಿಲಲ್ಲಿದ್ದ ಮನೆಯವರು ಬಾಯಿ ತೆರೆದರು: "ಇನ್ನೊಂದು ಗುಳಿಗಿ ಐತಿ ನೋಡವಾ. ರಾತ್ರಿ ನಾಕು ಸಲ ಏಳ್ತಾರ, ಅದಕ್ಕ."

ಪ್ರೋಸ್ಟೇಟ್ ಸುತ್ತಲಿನ ಸ್ನಾಯು ಸಡಿಲಿಸುವ ಔಷಧಿ ರಕ್ತನಾಳಗಳನ್ನೂ ಸಡಿಲಿಸಬಲ್ಲದು. ಮಲಗಿದವರು ಗಕ್ಕನೆ ಎದ್ದರೆ ಬಿ.ಪಿ. ಇಳಿದು ತಲೆ ತಿರುಗುತ್ತದೆ. "ಮೊದಲೇ ಹೇಳಿದ್ರ ಎರಡು ನಿಮಿಷ ಕುಂದರಿಸಿ ಎಬ್ಬಸ್ತಿದ್ನೆಲ್ರೀ ಸರ್" ಎಂದ ಶಿಷ್ಯೆಗೆ ಇನ್ನೊಂದು ದಿಗಿಲು: "ಎಲುಬಿನ ಇಂಜೆಕ್ಷನ್ ಏನರ ತಗೊಂಡೀರೇನ್ರಿ?" ಇಲ್ಲ ಎಂದಾಗ ಅವಳಿಗೆ ಉಸಿರು ಬಂತು.

ಆ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಪ್ರೋಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹರಡಿದವರಿಗೆ ಜೋಲೆಡ್ರಾನಿಕ್ ಆಸಿಡ್, ಡೆನೊಸುಮಾಬ್ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಹಲ್ಲು ಕಿತ್ತರೆ ಕೆಲವರಲ್ಲಿ ಗಾಯ ಮಾಯದೆ ದವಡೆಯ ಎಲುಬೇ ಸತ್ತು ಹೊರಗೆ ಕಾಣುತ್ತದೆ. ಈ ತೊಂದರೆ ವೈದ್ಯರ ಗಮನಕ್ಕೆ ಬಂದದ್ದು 2003ರ ಸುಮಾರಿಗೆ. ಹಾಗಾಗಿ ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಹಲ್ಲು ತೋರಿಸಿ, ಕೀಳಬೇಕಾದ್ದನ್ನು ಕೀಳಿಸಿಕೊಳ್ಳಬೇಕು.

ಹಿರಿಯರೇ, ಹಲ್ಲಿಗಾಗಿ ಹೋದರೂ ಎಲ್ಲ ಗುಳಿಗಿಯ ಚೀಟಿ ಒಯ್ಯಿರಿ; ಹಲ್ಲು ಕೀಳಿಸುವ ದಿನವೆಂದು ಯಾವುದನ್ನೂ ನೀವಾಗಿಯೇ ಬಿಡಬೇಡಿ. ಹೇಳಲು ನಾಚಿಕೆಯಾದರೆ ಚೀಟಿ ಮುಂದಿಟ್ಟು ಗೋಡೆ ನೋಡಿರಿ. ಮನೆಯವರು ಜೊತೆಗೆ ಬಂದು ಬಾಯಿ ತೆರೆದರೆ ಮಾತ್ರ ಅವರ ಮೇಲೆ ಕಣ್ಣು ಕಿಸಿಯಬೇಡಿ.