ನೂರು ಮೀಟರ್ ಊಟ

ಕನ್ನಡ ವರ್ಣಮಾಲೆಯಲ್ಲಿ ‘ಊ’ಗೂ ‘ಓ’ಗೂ ನಡುವೆ ಐದು ಅಕ್ಷರಗಳಿವೆ. ನನ್ನ ವರದಿಗಳಲ್ಲಿ ಅತಿ ಹೆಚ್ಚು ಜನ ಓದಿದ್ದು ಆ ಐದನ್ನೂ ಒಂದೇ ನೆಗೆತಕ್ಕೆ ಹಾರಿದ ವರದಿ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಪ್ರೌಢಶಾಲೆಗಳ ಕ್ರೀಡಾಕೂಟ ನಡೆದಿತ್ತು. ಗುಬ್ಬಿ ಕಡೆಯ ಹುಡುಗನೊಬ್ಬ ನೂರು ಮೀಟರ್ ಓಟದಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕಿದ. ಅಷ್ಟನ್ನು ಬರೆದು ಕಳಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹುಡುಗ ‘ನೂರು ಮೀಟರ್ ಊಟದಲ್ಲಿ ಪ್ರಥಮ’ ಬಂದಿದ್ದ.

ತಪ್ಪು ನನ್ನ ಬೆರಳಿನದೋ ಡೆಸ್ಕಿನವರ ಕಣ್ಣಿನದೋ ಎಂಬ ವ್ಯಾಜ್ಯ ಇವತ್ತಿಗೂ ತೀರಿಲ್ಲ. ಹುಡುಗನ ಅಪ್ಪ ಫೋನ್ ಮಾಡಿದಾಗ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೇ ಎತ್ತಿದೆ. ಅವರು ಮೆಲ್ಲಗೆ, “ಅಲ್ಲ ಸಾರ್, ಇವನು ಮನೇಲಿ ಉಣ್ಣೋದನ್ನ ಯಾರು ಹೇಳಿದ್ರು ನಿಮಗೆ?” ಎಂದರು. ಕಚೇರಿಯಲ್ಲಿ ಮಾತ್ರ ಒಂದು ವಾರ ನನ್ನನ್ನು ಬಿಡಲಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗಳನ್ನು ನೂರು ಮೀಟರ್ ಉದ್ದಕ್ಕೆ ಸಾಲಾಗಿ ಜೋಡಿಸಲು ಎಷ್ಟು ಬೇಕು ಎಂದು ಛಾಯಾಗ್ರಾಹಕ ಲೆಕ್ಕ ಹಾಕಿದ. ಇಡ್ಲಿಯೊಂದಕ್ಕೆ ಐದು ಇಂಚು ಅಗಲ ಹಿಡಿದರೆ 787. “ಚಟ್ನಿಗೆ ಬೇರೆ ಟ್ರ್ಯಾಕ್ ಬೇಕಾಗುತ್ತೆ” ಎಂದು ಸೇರಿಸಿದ.

ಊರ ಕ್ರೀಡಾ ವರದಿಗಾರನ ಪಾಡು ಎಂಥದ್ದೆಂದರೆ, ಆ ತಪ್ಪಿನಿಂದ ನನಗೆ ಒಳಗೊಳಗೇ ಸಂತೋಷವೂ ಆಗಿತ್ತು. ಕೊನೆಗೂ ಯಾರೋ ಗೆದ್ದವನ ಸಾಲಿನವರೆಗೆ ಓದಿದ್ದರಲ್ಲ! ನಮ್ಮ ವರದಿಗಳಲ್ಲಿ ಆ ಸಾಲು ಇರುವುದು ತೀರಾ ಬಾಲದಲ್ಲಿ. ಮೊದಲು ಉದ್ಘಾಟಿಸಿದವರು. ಆಮೇಲೆ ಕ್ರೀಡೆಯಿಂದ ದೈಹಿಕ, ಮಾನಸಿಕ ಆರೋಗ್ಯ ವೃದ್ಧಿಸುತ್ತದೆ ಎಂದು ಅವರು ಅಭಿಪ್ರಾಯಪಟ್ಟಿದ್ದು. ಅದಾದ ಮೇಲೆ ಅಧ್ಯಕ್ಷತೆ ವಹಿಸಿದವರು, ಸೋಲೇ ಗೆಲುವಿನ ಮೆಟ್ಟಿಲು ಎಂದವರು, ಯುವಕರು ಮೊಬೈಲ್ ಬಿಟ್ಟು ಮೈದಾನಕ್ಕೆ ಬರಬೇಕೆಂದು ಮೊಬೈಲ್ ಕೈಯಲ್ಲಿ ಹಿಡಿದೇ ಕರೆ ಕೊಟ್ಟವರು. ‘ಮುಂತಾದವರು ಉಪಸ್ಥಿತರಿದ್ದರು’ ಆದ ಮೇಲೆ ಜಾಗ ಉಳಿದರೆ ಗೆದ್ದವರ ಹೆಸರು. ರಾತ್ರಿ ಹತ್ತಕ್ಕೆ ಶ್ರದ್ಧಾಂಜಲಿ ಜಾಹೀರಾತೊಂದು ಬಂದು ಕೂತರೆ ಡೆಸ್ಕಿನವರು ಕತ್ತರಿ ಹಾಕುವುದು ಬಾಲದಿಂದಲೇ. ಹೀಗೆ ಎಷ್ಟೋ ಪಂದ್ಯಾವಳಿಗಳು ನಮ್ಮ ಜಿಲ್ಲೆಯಲ್ಲಿ ಯಾರೂ ಗೆಲ್ಲದೆ ಮುಗಿದಿವೆ.

ವೇದಿಕೆಯ ಕಾರ್ಯಕ್ರಮವೇ ಒಂದು ಆಟ ಎಂದು ನನಗೆ ಹೊಳೆದದ್ದು ಖೋ ಖೋ ಪಂದ್ಯವೊಂದನ್ನು ನೋಡುತ್ತಿದ್ದಾಗ. ಅಂಕಣದಲ್ಲಿ ಎಂಟು ಜನ ಕೂತಿರುತ್ತಾರೆ, ಒಬ್ಬ ಓಡುತ್ತಿರುತ್ತಾನೆ. ಓಡುವವನು ಸುಸ್ತಾದಾಗ ಕೂತವನ ಬೆನ್ನು ಮುಟ್ಟಿ ‘ಖೋ’ ಎಂದರೆ ಅವನು ಎದ್ದು ಓಡಬೇಕು. ವೇದಿಕೆಯ ಮೇಲೂ ಅಷ್ಟೇ. ಎಂಟು ಜನ ಕೂತಿರುತ್ತಾರೆ, ಒಬ್ಬರು ಮೈಕಿನ ಮುಂದೆ. ವ್ಯತ್ಯಾಸ ಎರಡೇ ಎರಡು. ಖೋ ಖೋದಲ್ಲಿ ಅಕ್ಕಪಕ್ಕದವರು ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ, ವೇದಿಕೆಯಲ್ಲಿ ಎಲ್ಲರ ಮುಖವೂ ನಮ್ಮ ಛಾಯಾಗ್ರಾಹಕನ ಕಡೆಗೇ. ಅಲ್ಲಿ ಸುಸ್ತಾಗುವುದು ಓಡುವವನಿಗೆ, ಇಲ್ಲಿ ಬಿಸಿಲಲ್ಲಿ ಸಾಲಾಗಿ ನಿಂತ ಮಕ್ಕಳಿಗೆ.

ಖೋ ಖೋ ವಿಷಯ ಬಂತಲ್ಲ, ಒಂದು ಹೊಟ್ಟೆಯುರಿಯನ್ನೂ ಹೇಳಿಬಿಡುತ್ತೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರು, ಮಹಿಳೆಯರು ಇಬ್ಬರೂ ಒಂದೇ ದಿನ ನೇಪಾಳವನ್ನು ಸೋಲಿಸಿ ಎರಡು ಕಪ್ ತಂದರು. ಮಹಿಳೆಯರ ಅಂತರವಂತೂ 78–40. ಆ ತಂಡಗಳಲ್ಲಿ ಕರ್ನಾಟಕದವರಿಬ್ಬರು: ಎಂ.ಕೆ. ಗೌತಮ್ ಮತ್ತು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಮರುದಿನ ಬಿ.ಎಚ್. ರಸ್ತೆಯ ಟೀ ಅಂಗಡಿಯಲ್ಲಿ ನಾನು ಈ ಸುದ್ದಿ ತೆಗೆದೆ. “ವಿಶ್ವಕಪ್ಪಾ? ಕೊಹ್ಲಿ ಎಷ್ಟು ಹೊಡೆದ?” ಎಂದರು. ಕುರುಬೂರಿನ ಹುಡುಗಿ ಎಂದೆ. “ಹಂಗಾದ್ರೆ ಮೈಸೂರು ಜಿಲ್ಲೆ ಬಿಡಿ, ನಮ್ಮದಲ್ಲ” ಎಂದು ಎರಡನೇ ಬನ್ನು ಮುರಿದರು.

ನಮ್ಮವರು ಎಂದರೆ ಯಾರು ಎಂಬುದು ಕ್ರೀಡಾ ಪುಟದಲ್ಲಿ ಬಹಳ ತೊಡಕಿನ ಪ್ರಶ್ನೆ. ನನಗೆ ಇದರಲ್ಲಿ ಗುರು ನಮ್ಮಪ್ಪ. ಪೇಪರಿನಲ್ಲಿ ಸ್ಕೋರ್ ಕಾರ್ಡನ್ನು ಅವರು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಮೇಲಿನ ಸಾಲುಗಳು ಮುಂಬಯಿಯವರ ಪಾಲು, ನಮ್ಮವರು ಸಿಕ್ಕರೆ ಕೆಳಗೇ ಸಿಗಬೇಕು ಎಂಬುದು ಅವರ ಸಿದ್ಧಾಂತ. (ಗುಂಡಪ್ಪ ವಿಶ್ವನಾಥ್ ಈ ಸಿದ್ಧಾಂತಕ್ಕೆ ಹೊರತು, ಅವರನ್ನು ಅಪ್ಪ ದೇವರ ಪಟದ ಲೆಕ್ಕಕ್ಕೆ ಸೇರಿಸಿದ್ದರು.) 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಔಟಾಗದೆ 175 ಹೊಡೆದದ್ದು ಜಗತ್ತಿಗೆಲ್ಲ ಗೊತ್ತು. ಅಪ್ಪನ ಬಾಯಲ್ಲಿ ಅದೇ ಪಂದ್ಯದ ಕಥೆ ಬೇರೆ. ನಮ್ಮ ಸೈಯದ್ ಕಿರ್ಮಾನಿ ಔಟಾಗದೆ 24 ಹೊಡೆದರು, ಇನ್ನೊಂದು ತುದಿಯಲ್ಲಿ ಕಪಿಲ್ ಅಂತ ಒಬ್ಬ ಇದ್ದ. ಒಂಬತ್ತನೇ ವಿಕೆಟ್ಟಿಗೆ ಮುರಿಯದ 126 ರನ್ನು. ಆ ಪಂದ್ಯದ ವಿಡಿಯೋ ಇಲ್ಲದಿರುವುದು ದೇಶದ ದುಃಖವಾದರೂ ಅಪ್ಪನಿಗೆ ಅದರಿಂದ ಬಹಳ ಅನುಕೂಲವಾಯಿತು. ವರ್ಷ ಕಳೆದಂತೆ ಕಿರ್ಮಾನಿಯವರ 24 ರನ್ನಿನೊಳಗೆ ಬೌಂಡರಿಗಳು ಹೆಚ್ಚುತ್ತಾ ಹೋದವು. ಇಲ್ಲವೆನ್ನಲು ಯಾರ ಬಳಿ ಏನಿದೆ?

ಅದೇ ಅಪ್ಪ 2021ರ ಆಗಸ್ಟ್ 7ರಂದು ಟೀವಿಯ ಮುಂದೆ ಕೂತು ನೀರಜ್ ಚೋಪ್ರಾ ಜಾವೆಲಿನ್ ಎಸೆಯುವುದನ್ನು ನೋಡಿದರು. ಟೋಕಿಯೊದಲ್ಲಿ 87.58 ಮೀಟರ್, ಚಿನ್ನ. “ಅಂದ್ರೆ ಎಷ್ಟು ದೂರ ಕಣಪ್ಪಾ?” ಎಂದು ಕೇಳಿದರು. ಮೀಟರು, ಅಡಿ ಎಲ್ಲ ಹೇಳಿದೆ. ತಲೆಯಾಡಿಸಲಿಲ್ಲ. ಕಲ್ಪತರು ನಾಡಿನವರಿಗೆ ತೆಂಗಿನ ಮರದಲ್ಲೇ ಹೇಳಬೇಕು. ನಮ್ಮ ತೋಟದಲ್ಲಿ ಮರದಿಂದ ಮರಕ್ಕೆ ಮೂವತ್ತು ಅಡಿ. ಬದುವಿನ ಮೊದಲ ಮರದ ಬುಡದಲ್ಲಿ ನಿಂತು ಎಸೆದರೆ ಒಂಬತ್ತು ಸಾಲು ದಾಟಿ ಹತ್ತನೆಯದಕ್ಕೆ ಇನ್ನು ಎರಡು ಮಾರು ಇದೆ ಎನ್ನುವಾಗ ನೆಲಕ್ಕೆ ನಾಟುತ್ತದೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಡುವೆ ಎಳನೀರು ಕೀಳೋರು ಯಾರೂ ಇರಲಿಲ್ಲ ತಾನೆ?” ಎಂದರು. ಆ ತಿಂಗಳು ತೋಟದಲ್ಲಿ ಕಾಯಿ ಕೀಳುವ ಗಳ ಒಂದೂ ಜಾಗದಲ್ಲಿ ಉಳಿಯಲಿಲ್ಲ. ಊರ ಹುಡುಗರೆಲ್ಲ ನೀರಜ್ ಆಗಿದ್ದರು.

ಇನ್ನು ಗುಬ್ಬಿ. ಅಲ್ಲಿಯ ಕ್ರಿಕೆಟ್ ವರದಿ ಮಾಡುವುದೆಂದರೆ ನನಗೆ ಹಬ್ಬ. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರದು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಆ ನೀರಿನ ಗುಣ ಎಲ್ಲಿ ಹೋದೀತು? ಬೇರೆ ಊರಲ್ಲಿ ಬೌಲರ್ ‘ಹೌಜಾಟ್’ ಎನ್ನುತ್ತಾನೆ, ಮುಗಿಯಿತು. ಗುಬ್ಬಿಯಲ್ಲಿ ಮಂಡಿಯೂರಿ, ಎರಡೂ ಕೈ ಮೇಲೆತ್ತಿ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ನ್ಯಾಯ ಬೇಡುತ್ತಾನೆ. ಔಟಾದವನು ಸುಮ್ಮನೆ ಹೋಗುವುದಿಲ್ಲ. ಬ್ಯಾಟನ್ನು ಗದೆಯಂತೆ ಹೆಗಲಿಗೇರಿಸಿ, ಎರಡು ಸಲ ಹಿಂದಿರುಗಿ ಅಂಪೈರನ್ನು ದುರುಗುಟ್ಟಿ ನೋಡಿ, ಮೂರನೇ ಸಲಕ್ಕೆ ನಿರ್ಗಮಿಸುತ್ತಾನೆ. ಒಮ್ಮೆ ಅಂಪೈರ್ ಕೂಡ ನಾಟಕದವರೇ ಆಗಿದ್ದರು. ಬೆರಳೆತ್ತುವ ಮೊದಲು ಅವರು ಬಿಟ್ಟ ಮೌನ ಇದೆಯಲ್ಲ, ಅಷ್ಟು ಉದ್ದದ ಮೌನವನ್ನು ನಾನು ರಂಗಭೂಮಿಯಲ್ಲೂ ಕಂಡಿಲ್ಲ. ಅಷ್ಟರಲ್ಲಿ ಬ್ಯಾಟ್ಸ್‌ಮನ್ನುಗಳು ಎರಡು ರನ್ ಓಡಿದ್ದರು.

ಇತ್ತೀಚೆಗೆ ಗುಬ್ಬಿಯವರಿಗೆ ಇನ್ನೊಂದು ಬಲ ಬಂದಿದೆ. ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಆಗಿದೆ. 2023ರ ಫೆಬ್ರುವರಿ 6ರಂದು ಪ್ರಧಾನಿ ಬಂದು ಲೋಕಾರ್ಪಣೆ ಮಾಡಿದರು. ಅಂದಿನಿಂದ ಗುಬ್ಬಿಯ ಹುಡುಗರು ಹೆಲಿಕಾಪ್ಟರ್ ಶಾಟನ್ನು ಧೋನಿಯದು ಎನ್ನಲು ಒಪ್ಪುವುದಿಲ್ಲ. “ಅದು ನಮ್ಮ ತಾಲ್ಲೂಕಿನ ಉತ್ಪನ್ನ ಸಾರ್. ರಾಂಚಿಯೋರು ಬರೀ ಹಾರಿಸಿದ್ರು, ತಯಾರು ಮಾಡೋದು ನಾವು.” ಆ ಮಾತಾಡಿದವನು ಮುಂದಿನ ಚೆಂಡಿಗೇ ಆ ಶಾಟ್ ಹೊಡೆಯಲು ಹೋದ. ಬ್ಯಾಟು ತಿರುಗಿತು, ಅವನೂ ತಿರುಗಿದ, ಚೆಂಡು ಮಾತ್ರ ನೇರವಾಗಿ ಹೋಗಿ ವಿಕೆಟ್ಟಿಗೆ ಬಡಿಯಿತು. ಟೇಕಾಫ್ ಆಗದ ಆ ಹಾರಾಟವನ್ನು ನಾನು ವರದಿಯ ಬಾಲದಲ್ಲಿ ಬರೆದೆ. ಅಂದು ಶ್ರದ್ಧಾಂಜಲಿ ಎರಡಿದ್ದವು.

ಆರ್‌ಸಿಬಿ ಬಗ್ಗೆ ಬರೆಯದಿದ್ದರೆ ಓದುಗರು ಕ್ಷಮಿಸಲಾರರು. ‘ಈ ಸಲ ಕಪ್ ನಮ್ದೇ’ ಎಂಬ ತಲೆಬರಹವನ್ನು ಸಿದ್ಧ ಮಾಡಿಟ್ಟುಕೊಂಡು 2009, 2011, 2016ರ ಫೈನಲ್‌ಗಳಲ್ಲಿ ಅಳಿಸಿದವನು ನಾನು. ಹೆಣ್ಣುಮಕ್ಕಳು 2024ರಲ್ಲಿ ತಮ್ಮ ಎರಡನೇ ಪ್ರಯತ್ನದಲ್ಲೇ ಕಪ್ ಎತ್ತಿ ಸುಮ್ಮನೆ ಮನೆಗೆ ಹೋದರು. ಗಂಡಸರಿಗೆ 18 ವರ್ಷ ಹಿಡಿಯಿತು. 2025ರ ಜೂನ್ 3ರ ರಾತ್ರಿ ಟೌನ್ ಹಾಲ್ ವೃತ್ತದಲ್ಲಿ ಗುರುತು ಪರಿಚಯ ಇಲ್ಲದವರು ನನ್ನನ್ನು ತಬ್ಬಿಕೊಂಡರು. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಹೋದರು. ಆ ತಲೆಬರಹವನ್ನು ಮತ್ತೆ ಬಳಸಲು ನನಗೆ ಕೈ ಬಂದಿಲ್ಲ.

ಕುಣಿಗಲ್ಲಿಗೆ ಹೋಗೋಣ. ಜನಪದ ಗೀತೆಯ ದೆಸೆಯಿಂದ ಆ ಊರಿನ ಕೆರೆಗೆ ಕರ್ನಾಟಕದಲ್ಲೆಲ್ಲ ಹೆಸರಿದೆ. ಆದರೆ ನನ್ನ ವೃತ್ತಿಯ ದೃಷ್ಟಿಯಿಂದ ಅಲ್ಲಿ ಮುಖ್ಯವಾದದ್ದು ಕುದುರೆ ಫಾರಂ. ಹೈದರ್, ಟಿಪ್ಪು ಕಾಲದಲ್ಲಿ ದಂಡಿನ ಕುದುರೆಗಳಿಗೆಂದು ಆದ ಜಾಗ. ಈಗ ಅಲ್ಲಿ ಹುಟ್ಟುವುದು ರೇಸಿನ ಕುದುರೆಗಳು. ನಮ್ಮ ಜಿಲ್ಲೆಯಲ್ಲಿ ಹುಟ್ಟಿ, ಹೊಟ್ಟೆ ತುಂಬ ಪೌಷ್ಟಿಕ ಆಹಾರ ತಿಂದು, ಸ್ವಂತ ವೈದ್ಯರನ್ನೂ ತರಬೇತುದಾರರನ್ನೂ ಪಡೆದು ರಾಷ್ಟ್ರ ಮಟ್ಟಕ್ಕೆ ಹೋಗುವ ಕ್ರೀಡಾಪಟುಗಳು ಯಾರು ಎಂದು ಕೇಳಿದರೆ ನಾನು ಕುಣಿಗಲ್ ಕಡೆ ಕೈ ತೋರಿಸುತ್ತೇನೆ. ಅವುಗಳ ಹೆಸರು ಪೇಪರಿನಲ್ಲಿ ಎಂದೂ ತಪ್ಪಾಗುವುದಿಲ್ಲ. ಅಪ್ಪ ಯಾರು, ಅಮ್ಮ ಯಾರು, ಅಮ್ಮನ ಅಪ್ಪ ಯಾರು ಎಲ್ಲ ದಾಖಲೆಯಲ್ಲಿದೆ. ಜಗತ್ತಿನ ಯಾವ ಥರೋಬ್ರೆಡ್ ಕುದುರೆಯ ಗಂಡು ವಂಶವನ್ನು ಹಿಡಿದು ಹಿಂದೆ ಹೋದರೂ ಮುನ್ನೂರು ವರ್ಷಗಳಾಚೆಯ ಮೂರು ಕುದುರೆಗಳಲ್ಲೊಂದು ಸಿಗುತ್ತದಂತೆ. ನಮ್ಮ ಜಿಲ್ಲಾ ಕಬಡ್ಡಿ ತಂಡದ ನಾಯಕನ ಇನಿಷಿಯಲ್ಲನ್ನು ನಾನು ಮೂರು ಸಲ ಬರೆದು ಮೂರು ಸಲವೂ ತಪ್ಪಿದ್ದೇನೆ. ಅವನಪ್ಪ ಬೀದಿಯಲ್ಲಿ ಸಿಕ್ಕಾಗಲೆಲ್ಲ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಾರೆ.

ಕುದುರೆಗೂ ನಮ್ಮ ಮಕ್ಕಳಿಗೂ ಒಂದು ಸಾಮ್ಯವಂತೂ ಇದೆ. ನಮ್ಮ ದೇಶದಲ್ಲಿ ರೇಸಿನ ಕುದುರೆಗಳು ಯಾವ ತಿಂಗಳಲ್ಲೇ ಹುಟ್ಟಲಿ, ಕಾಗದದ ಮೇಲೆ ಎಲ್ಲದರ ಹುಟ್ಟುಹಬ್ಬ ಜನವರಿ 1. ವಯಸ್ಸಿನ ಗುಂಪು ಮಾಡಿ ಓಡಿಸಲು ಅದು ಸುಲಭ. ಇದನ್ನು ಕೇಳಿ ನಾನು ಬೆರಗಾಗಬೇಕಿತ್ತು, ಆಗಲಿಲ್ಲ. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಇದನ್ನು ಎಂದೋ ಕಂಡುಹಿಡಿದಿದ್ದರು. ನನ್ನ ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು ಹುಟ್ಟಿದ್ದು ಜೂನ್ 1ರಂದು. ಅದರ ಫಲ ಈಗಲೂ ಮೈದಾನದಲ್ಲಿ ಕಾಣುತ್ತದೆ. ಹದಿನಾಲ್ಕು ವರ್ಷದೊಳಗಿನವರ ಕಬಡ್ಡಿಗೆ ಮೀಸೆ ತಿರುವುತ್ತಾ ಬಂದವನೊಬ್ಬನ ದಾಖಲೆ ನೋಡಿದ ಪಿಟಿ ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, “ಲೋ, ಕುದುರೆಗಾದ್ರೆ ಬಾಯಿ ಬಿಡಿಸಿ ಹಲ್ಲು ನೋಡಬಹುದಿತ್ತು. ನಿನ್ನನ್ನ ಏನ್ ಮಾಡ್ಲಿ?” ಎಂದರು. ಅವನು ವಿಧೇಯನಾಗಿ ಬಾಯಿ ಬಿಟ್ಟ. ಗುಟ್ಕಾ ವಾಸನೆಗೆ ಮೇಷ್ಟ್ರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಈ ನಡುವೆ ತುಮಕೂರಿಗೂ ದೊಡ್ಡ ಕ್ರೀಡಾಂಗಣದ ಯೋಗ ಬಂದಿದೆ. 2024ರ ಡಿಸೆಂಬರಿನಲ್ಲಿ ಸೋರೆಕುಂಟೆ ಬಳಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆ ಆಯಿತು. ಆ ಕಡೆ ಹೋದಾಗ ವೇಗದ ಬೌಲರ್ ಯಾರಾದರೂ ಕಾಣುತ್ತಾರೇನೋ ಎಂದು ನೋಡಿದೆ. ಸೈಟು ತೋರಿಸುವವರು ನಾಲ್ಕು ಜನ ಓಡಿ ಬಂದರು. ರನ್ ಅಪ್ ಚೆನ್ನಾಗಿತ್ತು.

ಕೊನೆಗೆ ನನ್ನ ದಂಗೆಯ ಕಥೆ. ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ‘ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ’. ಪ್ರಥಮ ಬಹುಮಾನ ಟಗರು, ದ್ವಿತೀಯ ಬಹುಮಾನ ಎರಡು ನಾಟಿ ಕೋಳಿ. ಹೊನಲು ಬೆಳಕು ಎಂದರೆ ಜನರೇಟರ್ ಇರುವಷ್ಟು ಹೊತ್ತು ಬೆಳಕು. ಆಮೇಲೆ ಬೈಕುಗಳ ಹೆಡ್‌ಲೈಟು. ಉದ್ಘಾಟನೆ ಎಂಟಕ್ಕೆ ಎಂದು ಹಾಕಿಸಿ ಹತ್ತೂವರೆಗೆ ಆಯಿತು, ಮೈಕಿನ ಖೋ ಖೋ ಹನ್ನೆರಡರವರೆಗೆ ನಡೆಯಿತು. ಸೆಮಿಫೈನಲ್ ಅರ್ಧ ನೋಡಿ ನಾನು ಹೊರಟೆ. ಬೆಳಿಗ್ಗೆ ಫಲಿತಾಂಶಕ್ಕೆಂದು ಪಿಟಿ ಮೇಷ್ಟ್ರಿಗೆ ಫೋನ್ ಮಾಡಿದರೆ ಅವರು ರಾಗಿ ಮಿಲ್ಲಿನಲ್ಲಿದ್ದರು. ಆ ಸದ್ದಿನ ನಡುವೆ ಒಂದು ತಂಡದ ಹೆಸರನ್ನು ಅವರು ಕೂಗಿದರು, ಆರು ಆಟಗಾರರ ಹೆಸರನ್ನು ನಾನು ಕೂಗಿ ಕೂಗಿ ಬರೆದುಕೊಂಡೆ.

ಆ ಸಂಜೆ ಡೆಸ್ಕಿನಿಂದ, “ಜಾಗ ಇಲ್ಲ, ಆರು ಸಾಲು ಮೀರಬಾರದು” ಎಂದರು. ಇಷ್ಟು ವರ್ಷದ ಸಿಟ್ಟೆಲ್ಲ ಒಟ್ಟಿಗೇ ಏರಿತು. ಗೆದ್ದ ತಂಡವನ್ನು ಮೊದಲ ಸಾಲಿಗೆ ತಂದೆ. ಆರು ಹೆಸರನ್ನೂ ಇನಿಷಿಯಲ್ ಸಮೇತ ಹಾಕಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳನ್ನು ಬಾಲಕ್ಕೆ ಕಟ್ಟಿದೆ. ಡೆಸ್ಕಿನ ಕತ್ತರಿ ತನ್ನ ಕೆಲಸ ತಾನು ಮಾಡಿತು.

ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಫೋನು ಕೆಳಗಿಡಲಾಗಲಿಲ್ಲ. ಅತಿಥಿಗಳು, ಅತಿಥಿಗಳ ಆಪ್ತರು, ಶಾಮಿಯಾನ ಹಾಕಿಸಿದವರು. ಎಲ್ಲರಿಗೂ “ಜಾಗ ಇರಲಿಲ್ಲ ಸಾರ್” ಎಂದು ವಿನಯದಿಂದ ಹೇಳಿ ಒಳಗೇ ನಕ್ಕೆ. ಕೊನೆಯ ಕರೆ ಒಬ್ಬ ಹುಡುಗನದು. ಆರು ಹೆಸರಿನಲ್ಲಿ ಮೂರನೆಯವನು.

“ಸಾರ್, ಹೆಸರು ಬಂದಿದೆ. ಇನಿಷಿಯಲ್ಲೂ ಸರಿಯಾಗಿದೆ. ನಮ್ಮಜ್ಜಿ ಹತ್ತು ಪೇಪರ್ ತರಿಸ್ತು.”

“ಬಹಳ ಸಂತೋಷ ಕಣಪ್ಪಾ.”

“ಆದರೆ ನಾವು ಫೈನಲ್‌ನಲ್ಲಿ ಸೋತ್ವಿ ಸಾರ್.”

ನನಗೆ ರಾಗಿ ಮಿಲ್ಲಿನ ಸದ್ದು ಮತ್ತೆ ಕೇಳಿಸಿತು. “ಅಯ್ಯೋ, ಹಾಗಾದರೆ ಗೆದ್ದವರು? ಇನ್ನೂ ಫೋನೇ ಮಾಡಿಲ್ಲವಲ್ಲ!”

“ಟಗರು ಕೊಯ್ತಾ ಅವ್ರೆ ಸಾರ್, ಪುರುಸೊತ್ತಿಲ್ಲ. ನಮ್ಮನ್ನೂ ಊಟಕ್ಕೆ ಕರೆದವ್ರೆ. ನೀವೂ ಬಂದ್ಬಿಡಿ.”