ಹನ್ನೊಂದು ಗಂಟೆಗೆ ಬಿಡುವಿರುವ ಅಣ್ಣನವರಿಗೆ

ಇವರಿಗೆ:
ಶಿಕ್ಷಣಪ್ರೇಮಿ, ಸಮಾಜಸೇವಕ, ಬಡವರ ಬಂಧು, ಯುವ ಮುಖಂಡರಾದ ಅಣ್ಣನವರು
(ಬಿರುದುಗಳನ್ನು ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಿಂದ ಇದ್ದಹಾಗೇ ಇಳಿಸಿಕೊಂಡಿದ್ದೇನೆ, ನನ್ನದೇನೂ ಸೇರಿಸಿಲ್ಲ)

ಇವರಿಂದ:
ಮೂರನೇ ತರಗತಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳ ತಾಯಿ

ವಿಷಯ: ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯತ್ವಕ್ಕೆ ನಿಂತು, ಅಧ್ಯಕ್ಷಗಿರಿಯ ಮೇಲೆ ಕಣ್ಣಿಟ್ಟಿರುವ ತಮಗೆ ಸಂತೋಷ ತಿಳಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಫ್ಲೆಕ್ಸ್ ಬಹಳ ಚೆನ್ನಾಗಿ ಬಂದಿದೆ. ಮೇಲುಗಡೆ ಹಾಲಿ ಶಾಸಕರು, ಮಾಜಿ ಶಾಸಕರು, ಮುಂದೆ ಆಗಲಿಕ್ಕಿರುವ ಶಾಸಕರು, ಯಾರಿಗೂ ಬೇಸರವಾಗದ ಹಾಗೆ ಸಾಲಾಗಿ ಕೂತಿದ್ದಾರೆ. ನಡುವೆ ತಾವು ಕಿವಿಗೆ ಮೊಬೈಲು ಹಿಡಿದು ಎಲ್ಲೋ ದೂರ ನೋಡುತ್ತಿದ್ದೀರಿ. ಕೆಳಗೆ ಶುಭ ಕೋರುವವರ ಮುಖಗಳು, ಸ್ಟಾಂಪ್ ಸೈಜಿನಲ್ಲಿ. ಅಷ್ಟು ಜನರ ನಡುವೆ ಒಂದು ಮಗುವಾಗಲಿ, ಶಾಲೆಯ ಒಂದು ಗೋಡೆಯಾಗಲಿ ಇಲ್ಲ. ಜಾಗ ಸಾಲಲಿಲ್ಲವೇನೋ.

ತಮ್ಮ ಅರ್ಹತೆಯ ಬಗ್ಗೆ ಯಾರೂ ಚಕಾರ ಎತ್ತುವ ಹಾಗಿಲ್ಲ. ಪೋಷಕರ ಪ್ರತಿನಿಧಿಯಾಗಿ ನಿಲ್ಲುವವರ ಮಗು ಇದೇ ಶಾಲೆಯಲ್ಲಿ ಓದುತ್ತಿರಬೇಕು. ತಮ್ಮ ಹಿರಿಯ ಮಗ ಬೆಳಿಗ್ಗೆ ತಾಲ್ಲೂಕಿನ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಹತ್ತುತ್ತಾನೆ. ಕಿರಿಯವನೂ ಹೋದ ವರ್ಷದವರೆಗೆ ಅದೇ ವ್ಯಾನಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ. ಈ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಅವನ ಟಿ.ಸಿ. ತಂದು ನಮ್ಮ ಶಾಲೆಗೆ ಸೇರಿಸಿದಿರಿ. ಕನ್ನಡ ಶಾಲೆ ಉಳಿಯಲೆಂದು ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನೇ ಧಾರೆಯೆರೆದ ತ್ಯಾಗವನ್ನು ನಾವು ಮರೆಯುವುದಿಲ್ಲ. ಒಂದೇ ಕೋರಿಕೆ: ಚುನಾವಣೆ ಮುಗಿದು ಮಗುವನ್ನು ವಾಪಸ್ ವ್ಯಾನಿಗೆ ಹತ್ತಿಸುವಾಗ ಮುಖ್ಯ ಶಿಕ್ಷಕರಿಗೆ ಸ್ವಲ್ಪ ಮುಂಚೆ ಹೇಳಿ. ಕಾನೂನಿನ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ 2 ಶಿಕ್ಷಕರು, 61 ಆದರೆ 3. ತಮ್ಮ ಮಗ ಆ ಅರವತ್ತೊಂದನೆಯವನಾಗಿದ್ದರೆ, ಅವನು ವ್ಯಾನು ಹತ್ತಿದ ದಿನ ಒಬ್ಬ ಮೇಷ್ಟ್ರೂ ಹೆಚ್ಚುವರಿ ಅನ್ನಿಸಿಕೊಂಡು ಬಸ್ಸು ಹತ್ತಬೇಕಾದೀತು.

ತಾವು ಕೂರಲಿರುವ ಕುರ್ಚಿಗೆ ಸಣ್ಣದೊಂದು ಇತಿಹಾಸವಿದೆ. ಮುಂದೆ ಭಾಷಣಕ್ಕೆ ಬೇಕಾಗಬಹುದು, ಬರೆದಿಟ್ಟುಕೊಳ್ಳಿ. ನಮ್ಮ ಕರ್ನಾಟಕದಲ್ಲಿ ಡಾ. ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ಸರ್ಕಾರ ಎಸ್‌ಡಿಎಂಸಿ ರಚನೆಯ ಆದೇಶ ಹೊರಡಿಸಿತು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವ ಹಕ್ಕು ಊರ ಗಣ್ಯರಿಗಲ್ಲ, ಅಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಸೇರಬೇಕು ಅನ್ನುವುದು ಅದರ ಆಶಯ. ರಾಮಣ್ಣನವರು ತುಮಕೂರಿನಲ್ಲಿ ಹುಟ್ಟಿದವರು, 1974ರ ಪೋಖ್ರಾನ್ ಅಣು ಪರೀಕ್ಷೆಯ ಮುಂದಾಳು. ಅಣು ಒಡೆದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಸ್‌ಡಿಎಂಸಿ ಚುನಾವಣೆಗೆ ಒಂದು ಊರು ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಹೇಗೆ ಒಡೆಯುತ್ತದೆ ಅನ್ನುವುದನ್ನು ಮಾತ್ರ ಯಾವ ವಿಜ್ಞಾನಿಯೂ ಊಹಿಸಿರಲಿಕ್ಕಿಲ್ಲ.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಸೆಕ್ಷನ್ ಇಂಥ ಸಮಿತಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು: ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಗುಂಪು ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪಾಲು ಸಿಗಬೇಕು. ಕೆಲಸ ಇಷ್ಟೇ. ಶಾಲೆ ನಡೆಯುವ ರೀತಿಯ ಮೇಲೆ ಕಣ್ಣಿಡುವುದು, ಶಾಲಾ ಅಭಿವೃದ್ಧಿ ಯೋಜನೆ ಬರೆದು ಶಿಫಾರಸು ಮಾಡುವುದು, ಬಂದ ಅನುದಾನ ಎಲ್ಲಿ ಹೋಯಿತೆಂದು ನೋಡುವುದು.

ಈಗ ತಮ್ಮ ಪ್ರಣಾಳಿಕೆಗೆ ಬರೋಣ. ಶಾಲೆಯ ಮುಂದೆ ಸ್ವಾಗತ ಕಮಾನು, ಅದರ ಮೇಲೆ ದಾನಿಗಳ ಹೆಸರು. ಗೋಡೆಗೆ ರೈಲು ಡಬ್ಬಿಯ ಬಣ್ಣ. ವಾರ್ಷಿಕೋತ್ಸವಕ್ಕೆ ಆರ್ಕೆಸ್ಟ್ರಾ. ಆಗಸ್ಟ್ 15ಕ್ಕೆ ಎಲ್ಲ ಮಕ್ಕಳಿಗೂ ತಮ್ಮ ಫೋಟೋ ಇರುವ ನೋಟ್‌ಬುಕ್ಕು. ಓದಿ ಕಣ್ತುಂಬಿ ಬಂತು. ಇಷ್ಟೆಲ್ಲ ಮಾಡುವವರು ಆ ಮೂರು ಕೆಲಸಕ್ಕೆ ಎಲ್ಲಿಂದ ಟೈಮ್ ಹೊಂದಿಸುತ್ತಾರೋ ಅನ್ನುವುದೊಂದೇ ಚಿಂತೆ.

ಯಾಕೆಂದರೆ ಆ ಕೆಲಸಗಳಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇಲ್ಲ. ನಮ್ಮ ಶಾಲೆಯಲ್ಲಿ ಮಕ್ಕಳು ನೂರು ದಾಟಿದ್ದಾರೆ. ಸಮಗ್ರ ಶಿಕ್ಷಣ ಯೋಜನೆಯಡಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ, ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಅಂದರೆ ಐದು ಸಾವಿರ. ಆ ಐದು ಸಾವಿರದಲ್ಲಿ ಫಿನಾಯಿಲ್ ಎಷ್ಟು ಬಂತು, ಪೊರಕೆ ಎಷ್ಟು ಬಂತು, ಹುಡುಗಿಯರ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ, ಇದನ್ನೆಲ್ಲ ಕೇಳುವವರನ್ನು ಯಾರೂ ಫ್ಲೆಕ್ಸಿಗೆ ಹಾಕುವುದಿಲ್ಲ. ಮುಂದಿನ ಮೂರು ವರ್ಷದಲ್ಲಿ ಯಾವ ತರಗತಿಗೆ ಎಷ್ಟು ಮಕ್ಕಳು ಬರಬಹುದು, ಎಷ್ಟು ಜನ ಮೇಷ್ಟ್ರು ಬೇಕು ಎಂದು ಕೂತು ಬರೆದರೆ ಅದು ಅಭಿವೃದ್ಧಿ ಯೋಜನೆ. ಕಮಾನು ಕಟ್ಟಿದರೆ ಅದು ಅಭಿವೃದ್ಧಿ. ಎರಡರಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಕಾಣಿಸುವುದು ಯಾವುದೆಂದು ತಮಗೆ ನಾನು ಹೇಳಬೇಕೆ?

ಹಾಗೆಂದು ತಾವು ಗೆಲ್ಲುವುದರಲ್ಲಿ ನನಗೆ ಅನುಮಾನವಿಲ್ಲ. ಅದಕ್ಕೆ ಕಾರಣ ಬಾಡೂಟವಲ್ಲ, ಧರ್ಮಸ್ಥಳಕ್ಕೆ ಮಾಡಿಸಿದ ಬಸ್ಸೂ ಅಲ್ಲ. ಊಟ ಚೆನ್ನಾಗಿತ್ತು, ಪ್ರಸಾದವೂ ಮುಟ್ಟಿತು. ನಿಜವಾದ ಕಾರಣ ಬೇರೆ. ಸಮಿತಿಯ ಸಭೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಸೇರುತ್ತದೆ. ಆ ಹೊತ್ತಿಗೆ ನಾವೆಲ್ಲ ಕಳೆ ಕೀಳುತ್ತಿರುತ್ತೇವೆ, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಇರುತ್ತೇವೆ, ಉದ್ಯೋಗ ಖಾತರಿ ಕೆಲಸದಲ್ಲಿ ಮಣ್ಣು ಹೊರುತ್ತಿರುತ್ತೇವೆ. ಸಭೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಇನ್ನು ಬಡ್ಡಿ ವ್ಯವಹಾರಕ್ಕೂ ಗುತ್ತಿಗೆ ಕೆಲಸಕ್ಕೂ ಹಾಜರಿ ಪುಸ್ತಕವಿಲ್ಲ. ಹನ್ನೊಂದು ಗಂಟೆಗೆ ಬಿಳಿ ಅಂಗಿಯಲ್ಲಿ ಬಿಡುವಾಗಿರುವವರು ಊರಿಗೆ ತಾವೊಬ್ಬರೇ. ಕಾಯ್ದೆ ಈ ಕುರ್ಚಿಯನ್ನು ಪೋಷಕರಿಗೆ ಕೊಟ್ಟಿತು, ಗಡಿಯಾರ ಅದನ್ನು ತಮಗೆ ಕೊಟ್ಟಿತು.

ಮಹಿಳಾ ಪ್ರಾತಿನಿಧ್ಯದಲ್ಲಿ ತಮ್ಮ ಪ್ಯಾನೆಲ್ ಒಂದು ಹೆಜ್ಜೆ ಮುಂದಿದೆ. ಅರ್ಧಕ್ಕರ್ಧ ಹೆಂಗಸರ ಹೆಸರುಗಳಿವೆ. ಕರಪತ್ರದಲ್ಲಿ ಅವರ ಗಂಡಂದಿರ ಫೋಟೋ, ಫೋನ್ ನಂಬರೂ ಗಂಡಂದಿರದೇ. ಸಭೆಯ ದಿನ ನಡಾವಳಿ ಪುಸ್ತಕವೇ ಮನೆಮನೆಗೆ ಬಂದು ಒಲೆ ಮುಂದೆ ಕೂತವರ ಸಹಿ ಹಾಕಿಸಿಕೊಂಡು ಹೋಗುತ್ತದೆ. ಸರ್ಕಾರದ ಯಾವ ಇಲಾಖೆಯೂ ಇಷ್ಟು ಚೆನ್ನಾಗಿ ಮನೆ ಬಾಗಿಲಿಗೆ ಸೇವೆ ಕೊಡುವುದಿಲ್ಲ.

ಮುಖ್ಯ ಶಿಕ್ಷಕರೂ ತಾವೇ ಬರಲಿ ಅನ್ನುತ್ತಾರೆ, ಪಾಪ. ಸಮಿತಿಯ ಸದಸ್ಯ ಕಾರ್ಯದರ್ಶಿ ಅವರೇ. ಅವರಿಗೆ ಬೇಕಾದದ್ದು ಸಹಿ. ಓದಿ ಪ್ರಶ್ನೆ ಕೇಳಿ ಸಹಿ ಹಾಕುವ ಅಧ್ಯಕ್ಷರಿಗಿಂತ, ಬೈಕು ನಿಲ್ಲಿಸದೆಯೇ ಸಹಿ ಹಾಕಿ ಹೋಗುವ ಅಧ್ಯಕ್ಷರು ಯಾರಿಗೆ ಬೇಡ? ಅವರನ್ನು ಬೈದೂ ಪ್ರಯೋಜನವಿಲ್ಲ. ಪಾಠದ ಜೊತೆ ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆನ್‌ಲೈನ್ ಎಂಟ್ರಿ, ಮೇಲಿನಿಂದ ಬಂದ ಸಮೀಕ್ಷೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೂ 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಸರ್ಕಾರಿ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆದುಹೋಯಿತು. ಹಳದಿ ವ್ಯಾನು ಆಗಲೇ ಓಡುತ್ತಿತ್ತು. ಒಂದರಿಂದ ಐದಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕೆಂಬ ಲೆಕ್ಕ ಕಾನೂನಿನಲ್ಲೇ ಇದೆ. ನಮ್ಮ ಮಕ್ಕಳಿಗೆ ತಪ್ಪಿದ ಪಾಠ ಯಾವತ್ತು ಮಾಡಿ ಮುಗಿಸುತ್ತೀರಿ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಒಂದು ಸಾಲು ಬರೆಯುವ ಅಧಿಕಾರ ಯಾರಿಗಿತ್ತು ಅಂತೀರಿ? ಈ ಸಮಿತಿಗೆ. ಆ ವಾರ ಸಮಿತಿಯವರು ಹಾಲಿ ಅಧ್ಯಕ್ಷರಿಗೆ ಶಾಲು ಹೊದಿಸುವ ಕಾರ್ಯಕ್ರಮದಲ್ಲಿದ್ದರು.

ಬಿಸಿಯೂಟದ ವಿಷಯ ಎತ್ತದೆ ಪತ್ರ ಮುಗಿಸಿದರೆ ಅಡುಗೆಯಮ್ಮಂದಿರು ಬೈಯುತ್ತಾರೆ. ಅಕ್ಷರ ದಾಸೋಹ ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾಯಿತು, ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ ಬಂತು, ಈಗ ಮೊಟ್ಟೆ ಅಥವಾ ಬಾಳೆಹಣ್ಣೂ ಇದೆ. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಅದರ ಮೇಲಿನವರಿಗೆ 150 ಗ್ರಾಂ. ಮಕ್ಕಳಿಗೆ ಬಡಿಸುವ ಮೊದಲು ಊಟವನ್ನು ಶಿಕ್ಷಕರೊಬ್ಬರು ರುಚಿ ನೋಡಬೇಕು, ಸಮಿತಿಯವರೂ ಪಾಳಿಯ ಮೇಲೆ ಬಂದು ನೋಡಬೇಕು. ತಾವು ನಮಗೆ ಹಾಕಿಸಿದ ಬಾಡೂಟಕ್ಕೆ ಉಪ್ಪು ಸರಿಯಿದೆಯೇ ಎಂದು ಪಂಕ್ತಿಯುದ್ದಕ್ಕೂ ವಿಚಾರಿಸಿದಿರಿ. ನೂರು ಮಕ್ಕಳ ಸಾಂಬಾರಿನಲ್ಲಿ ಬೇಳೆ ಇದೆಯೇ ಎಂದು ಕೇಳುವುದಕ್ಕೆ ಅಷ್ಟು ದೂರ ನಡೆಯಬೇಕಾಗಿಯೂ ಇಲ್ಲ, ದೇವಸ್ಥಾನ ದಾಟಿದರೆ ಅಡುಗೆ ಕೋಣೆ.

ಈ ಕುರ್ಚಿ ತಮಗೆ ಮೊದಲ ಮೆಟ್ಟಿಲೆಂದು ಊರಿಗೆಲ್ಲ ಗೊತ್ತು. ಇಲ್ಲಿಂದ ಗ್ರಾಮ ಪಂಚಾಯ್ತಿ, ಅಲ್ಲಿಂದ ಸೊಸೈಟಿ, ಆಮೇಲೆ ಡೇರಿ, ಪುಣ್ಯವಿದ್ದರೆ ಜಿಲ್ಲಾ ಪಂಚಾಯ್ತಿ. ಹತ್ತಿ, ಬೇಡ ಅನ್ನುವುದಿಲ್ಲ. ತಾವು ಹತ್ತಿ ಹೋದ ಮೇಲೂ ಮೆಟ್ಟಿಲ ಮೇಲೆ ಮಕ್ಕಳು ಕೂತಿರುತ್ತಾರೆ ಅನ್ನುವುದಷ್ಟೇ ನಮ್ಮ ತೊಂದರೆ. ಅವರಿಗೆ ಇನ್ನೊಂದು ಮೂರನೇ ತರಗತಿ ಸಿಗುವುದಿಲ್ಲ.

ಆದ್ದರಿಂದ ತಾಯಂದಿರು ನಾವು ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ತಮ್ಮ ಎದುರು ಯಾರನ್ನೂ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಊರು ಮತ್ತೆ ಎರಡಾಗುತ್ತದೆ, ಊಟದ ಖರ್ಚೂ ಎರಡಾಗುತ್ತದೆ. ಬದಲಿಗೆ ಪೋಷಕರ ಸಭೆಯಲ್ಲಿ ಮೂರು ಮಾತು ಬರೆಸುತ್ತೇವೆ. ಸಮಿತಿಯ ಸಭೆ ಇನ್ನು ಮುಂದೆ ಸಂಜೆ ಆರೂವರೆಗೆ, ಕೂಲಿಯವರು ಬಂದು ಕೈಕಾಲು ತೊಳೆದ ಮೇಲೆ. ಅನುದಾನದ ಲೆಕ್ಕವನ್ನು ಅಧ್ಯಕ್ಷರು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಸಹಿ ಹಾಕುವವರು ಖುದ್ದು ಬಂದು ಹಾಕಬೇಕು, ಹೆಂಗಸರಾದರೆ ಹೆಂಗಸರೇ.

ಇಷ್ಟಾದ ಮೇಲೂ ತಮ್ಮ ಫ್ಲೆಕ್ಸ್ ಬಸ್ ಸ್ಟ್ಯಾಂಡಿನಲ್ಲಿ ಇದ್ದರೆ ನನ್ನ ಓಟು ತಮಗೇ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ತರಗತಿಯ ಹುಡುಗಿಯ ತಾಯಿ

ಪ್ರತಿ: ತಮ್ಮ ಮನೆಯವರಿಗೆ, ಮಾಹಿತಿಗಾಗಿ. ಪ್ಯಾನೆಲ್ಲಿನಲ್ಲಿ ಅವರ ಹೆಸರೂ ಇದೆಯೆಂದು ಅವರಿಗೆ ಇನ್ನೂ ಯಾರೂ ಹೇಳಿಲ್ಲವಂತೆ.

ಅಡಕ: ಊಟ ರುಚಿ ನೋಡುವ ಪಾಳಿ ಪಟ್ಟಿ. ಸೋಮವಾರ ತಮ್ಮದು. ತಟ್ಟೆ, ಲೋಟ ತಾವೇ ತರತಕ್ಕದ್ದು. ಫೋಟೋಗ್ರಾಫರಿಗೆ ಊಟದ ವ್ಯವಸ್ಥೆ ಇರುವುದಿಲ್ಲ.